ಷಣ್ಮುಖಪ್ಪನವರ ಬಿಸಿನೀರಿನ ಎಸ್ಟಿಮೇಟು

ನ್ಯಾಮತಿಯ ಷಣ್ಮುಖಪ್ಪನವರು ಮೂವತ್ತು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ಯಾರ ಮನೆಯ ಗೀಸರ್ ತಿಂಗಳಿಗೆ ಎಷ್ಟು ಯೂನಿಟ್ ನುಂಗುತ್ತದೆಂಬುದು ಅವರಿಗೆ ಬಾಯಿಪಾಠ. ಹೀಗಾಗಿ ಮನೆ ಮೇಲೆ ಬಿಸಿನೀರಿನ ಸೋಲಾರ್ ಹಾಕಿಸಬೇಕೆನ್ನುವವರು ಅಂಗಡಿಗಿಂತ ಮೊದಲು ಇವರ ಜಗುಲಿಗೆ ಬರುತ್ತಿದ್ದರು. ಇವರು ಅವರ ಮನೆಗೆ ಹೋಗಿ, ನೀರೆಷ್ಟು ಬೇಕೆಂದು ಹೆಂಗಸರನ್ನೇ ಕೇಳಿ ಬಂದು, ಹಳೆಯ ಲಗ್ನಪತ್ರಿಕೆಯ ಹಿಂದೆ ಟ್ಯಾಂಕು, ಪೈಪು, ಕೂಲಿ ಎಲ್ಲ ಬರೆದು, ಹಾಕಿದ ಅಸಲು ಎಷ್ಟು ವರ್ಷಕ್ಕೆ ಹುಟ್ಟುತ್ತದೆಂದು ಹೇಳಿಬಿಡುತ್ತಿದ್ದರು. ಫೀಸು ಒಂದು ಲೋಟ ಚಹಾ. ಗೋವಿನಕೋವಿ, ಸಾಸ್ವೆಹಳ್ಳಿಯಿಂದಲೂ ಕರೆ ಬರತೊಡಗಿದ ಮೇಲೆ ಅವರ ನಡಿಗೆಯೇ ಬದಲಾಯಿತು. ತಾನು ಇಂಜಿನಿಯರ್ ಆಗಬೇಕಾಗಿದ್ದವನು ಎಂದು ಅವರಿಗೆ ಅನಿಸಿದ್ದೂ ಉಂಟು.

ಕಳೆದ ಬೇಸಿಗೆಯಲ್ಲಿ ಸ್ವಂತ ಮನೆಗೆ ಎಸ್ಟಿಮೇಟ್ ಬರೆದರು. ಲೆಕ್ಕ ಏಳು ವರ್ಷಕ್ಕೆ ನಿಂತಿತು. ಊರಿನವರಿಗೆಲ್ಲ ಐದು, ತಮಗೆ ಏಳು ಎಂದರೆ ಮರ್ಯಾದೆಯ ಪ್ರಶ್ನೆ. ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಕೂರಿಸುವ ಕರೆಂಟ್ ಕಾಯಿಲನ್ನು ಪಟ್ಟಿಯಿಂದ ಹೊಡೆದುಹಾಕಿದರು. ಆರಾಯಿತು. ಬಚ್ಚಲ ಒಲೆಯ ಮೇಲಿದ್ದ ತಾಮ್ರದ ಹಂಡೆಯನ್ನು ಹೊನ್ನಾಳಿಯ ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿದರು. ಐದಕ್ಕಿಳಿಯಿತು. ಮಗಳು ಪ್ರೇಮಲತಾ ಆಗ ಆರು ತಿಂಗಳ ಬಸುರಿ ಎಂಬುದು ಗೊತ್ತಿತ್ತು, ಆದರೆ ಎಸ್ಟಿಮೇಟಿನಲ್ಲಿ ಆ ಕಾಲಂ ಇರಲಿಲ್ಲ. ಹಂಡೆ ಹೆಂಡತಿ ಸಿದ್ದಲಿಂಗಮ್ಮನ ತವರಿನದು. ಅದು ಹೋಗುವುದನ್ನು ಆಕೆ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಒಪ್ಪಿಗೆಯಾಯಿತೆಂದು ಇವರು ಸೋಲಾರ್ ಕೂರಿಸಿ, ಒಲೆಯನ್ನೂ ಒಡೆಸಿದರು.

ಆಷಾಢದಲ್ಲಿ ಮಗಳು ಹೆತ್ತು ಮನೆಗೆ ಬಂದಳು. ಬಾಣಂತಿಗೆ ಎರೆಯುವುದೆಂದರೆ ಎರಡು ತಂಬಿಗೆಯ ಮಾತಲ್ಲ, ಹಬೆಯಾಡುವ ನೀರು ನಾಲ್ಕೈದು ಬಕೆಟ್ ಸೊಂಟದ ಮೇಲೆ ಬೀಳಬೇಕು. ಐದು ದಿನದಿಂದ ಸೂರ್ಯನ ಮುಖವಿಲ್ಲ. ನಲ್ಲಿ ತಿರುಗಿಸಿದರೆ ನೀರು ಉಗುರುಬೆಚ್ಚಗೂ ಇರಲಿಲ್ಲ. ಗ್ಯಾಸಿನ ಮೇಲೆ ಪಾತ್ರೆಯಿಟ್ಟರೆ, ಎರಡನೆಯ ಬಕೆಟ್ ಕಾಯುವಷ್ಟರಲ್ಲಿ ಮೊದಲಿನದು ಆರಿತ್ತು. ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಕೂತ ಮಗಳು ಚಳಿಗೆ ನಡುಗುತ್ತಿದ್ದಳು.

ಎದುರು ಮನೆಯ ಪ್ರಮೀಳಾಳ ಬಚ್ಚಲಲ್ಲಿ ಅಡಿಕೆ ಸಿಪ್ಪೆ ಉರಿಯುತ್ತಿತ್ತು. "ಈ ಕಾಲದಾಗೂ ಹೊಗೆ ಕುಡೀತೀಯಲ್ಲವ್ವಾ" ಎಂದು ಬೇಸಿಗೆಯಿಂದ ಅವಳನ್ನು ಕಿಚಾಯಿಸುತ್ತಿದ್ದ ಷಣ್ಮುಖಪ್ಪನವರು ಎರಡು ಬಕೆಟ್ ಹಿಡಿದು ಅವಳ ಬಾಗಿಲಲ್ಲಿ ನಿಂತರು. ಇಂಜಿನಿಯರ್ ಸಾಹೇಬರ ಸವಾರಿ ಬಂತು ನೋಡು ಎಂದು ತಮ್ಮನ್ನು ತಾವೇ ಹಂಗಿಸಿಕೊಂಡರು.

"ತುಂಬ್ಕೊಳ್ರಿ ಅಣ್ಣಾರೆ, ಬಾಣಂತಿನ್ನ ಕಾಯಾಕೆ ಬಿಡಬ್ಯಾಡ್ರಿ" ಎಂದಳೇ ಹೊರತು ಅವಳು ಒಂದು ಕೊಂಕು ಮಾತಾಡಲಿಲ್ಲ. ಆಡಿದ್ದರೇ ವಾಸಿಯಿತ್ತು ಎಂದು ಇವರಿಗೆ ಅನಿಸಿತು.

ಬಕೆಟ್ ತಂದು ಬಚ್ಚಲ ಬಾಗಿಲಲ್ಲಿ ಇಳಿಸಿದ ಷಣ್ಮುಖಪ್ಪನವರು ಏದುಸಿರು ಬಿಡುತ್ತಾ ಹೆಂಡತಿಯ ಮೇಲೆ ರೇಗಿದರು: "ಬಾಣಂತಿಗೆ ಹಂಡೆ ಬೇಕಾಗ್ತೈತೆ ಅಂತ ಒಂದು ಮಾತು ಹೇಳಾಕೆ ಆಗ್ಲಿಲ್ವಾ ನಿನಗೆ?"

ಸಿದ್ದಲಿಂಗಮ್ಮ ತಂಬಿಗೆಯಲ್ಲಿ ನೀರು ಮೊಗೆಯುತ್ತಲೇ, "ಊರವರ ಮನೀಗೆಲ್ಲ ಹೋಗಿ, ಯಾರ್ಯಾರು ಎಷ್ಟು ನೀರು ಹುಯ್ಕಂತೀರಿ ಅಂತ ಹೆಂಗಸರನ್ನ ಕೇಳಿ ಬರ್ಕಂಡು ಬಂದ್ರಿ. ನನ್ನ ಕೇಳಿದ್ರೇನ್ರೀ?" ಎಂದಳು.

ಅವರು ಕೇಳಿರಲಿಲ್ಲ, ಕೇಳಬೇಕೆಂದು ಹೊಳೆದೂ ಇರಲಿಲ್ಲ. ಬಕೆಟ್ ಖಾಲಿಯಾಗುತ್ತಲೇ ಎತ್ತಿಕೊಂಡರು.

"ಇನ್ನೆಷ್ಟು ಬೇಕೇ?" ಎಂದರು.

"ಮೂರು. ಚೆನ್ನಾಗಿ ಕಾದಿರ್ಲಿ."

ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ, ಬಿಸಿನೀರಿನ ವಿಷಯವಾಗಿ ಅವರು ಆಕೆಯನ್ನು ಏನಾದರೂ ಕೇಳಿದ್ದು ಅದೇ ಮೊದಲು.