ನಮ್ಮ ಓಣಿಯಲ್ಲಿ ಕರೆಂಟು ಯಾಕೆ ಉಳಿಯಲಿಲ್ಲ

ಗೆಳೆಯರೇ, ಇವತ್ತು ನಮ್ಮ ಓಣಿಗೆ ತನಿಖೆ ಬಂದಿತ್ತು!

ಗೋಕಾಕದ ಬೀದಿದೀಪಗಳನ್ನು ಈಗ ಕಚೇರಿಯಲ್ಲಿ ಕೂತೇ ಕಂಪ್ಯೂಟರಿನಿಂದ ಹಚ್ಚಿ ಆರಿಸುತ್ತಾರೆ. ಮಧ್ಯಾಹ್ನದವರೆಗೆ ಸುಮ್ಮನೆ ಉರಿಯುವುದು ತಪ್ಪಿ ಎಲ್ಲ ಓಣಿಗಳಲ್ಲೂ ಕರೆಂಟು ಉಳಿದಿದೆ, ನಮ್ಮಲ್ಲಿ ಮಾತ್ರ ಇಲ್ಲ. ಬೆಳಿಗ್ಗೆ ಎಂಜಿನಿಯರ್ ಬಂದು ಕಂಬದ ಡಬ್ಬಿ ಬಿಚ್ಚಿ ನೋಡಿದರು. ಎಲ್ಲ ಸರಿಯಾಗಿತ್ತು.

"ಇಲ್ಲಿ ಯಾರರ ಕರೆಂಟ್ ಕದಿಯಾಕತ್ತಾರೇನ್ರಿ?" ಎಂದು ನನ್ನನ್ನೇ ದಿಟ್ಟಿಸಿದರು. ನನಗೆ ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಪಕ್ಕದ ಮನೆಯ ಪದ್ಮಾ ಕಾಕು ಬಸದಿಯಿಂದ ಬಂದರು. "ಉಳ್ಯಾಕ ಇಲ್ಲೇನೈತ್ರಿ ಸಾಹೇಬ್ರ? ದಿನಾ ಬಸದಿಗೆ ಹೊಂಟಾಗ, ಬೆಳಕ ಹರದಕೂಡ್ಲೆ ಈ ಕಂಬದ ಸ್ವಿಚ್ ನಾನ ಬಂದ್ ಮಾಡ್ತಿದ್ನಿ. ಇಪ್ಪತ್ತ ವರ್ಷ ಮಾಡೇನಿ."

ಎಂಜಿನಿಯರ್ ನಕ್ಕು ಕೈಮುಗಿದರು. "ಇನ್ನ ಆರಾಮ ಇರ್ರಿ ಕಾಕು, ಅದು ತಾನ ಬಂದ್ ಆಗತೈತಿ."

"ಆತ್ರಿ. ಅದು ಮರತ್ರ ನನಗ ಹೇಳ್ರಿ."

ಎಂಜಿನಿಯರರ ಫಾರ್ಮಿನಲ್ಲಿ ಒಂದು ಸಾಲು ಖಾಲಿ ಇತ್ತು: ಉಳಿತಾಯ ಆಗದಿರಲು ಕಾರಣ. ಅವರು ಸ್ವಲ್ಪ ಯೋಚಿಸಿ, "ಪದ್ಮಾ ಕಾಕು" ಎಂದು ಬರೆದುಕೊಂಡು ಹೋದರು.