ಪ್ರಶ್ನೆಪತ್ರಿಕೆಯ ಭಾಷೆ

ಹತ್ತನೇ ತರಗತಿಯವರೆಗೆ ನಾನು ಓದಿದ್ದು ಅಫಜಲಪುರದಲ್ಲಿ, ಕನ್ನಡ ಮಾಧ್ಯಮದಲ್ಲಿ. ಪಿಯುಸಿ ವಿಜ್ಞಾನ ಕಲಬುರಗಿಯಲ್ಲಿ, ಇಂಗ್ಲಿಷಿನಲ್ಲಿ. ಹೀಗಾಗಿ ನೀಟ್ ಅರ್ಜಿ ತುಂಬುವಾಗ ಪ್ರಶ್ನೆಪತ್ರಿಕೆಯ ಭಾಷೆ ಯಾವುದು ಎಂಬ ಕಲಂ ಬಂದಾಗ ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಕನ್ನಡ ಎಂದು ಕೊಟ್ಟೆ. ಕನ್ನಡ ಆರಿಸಿಕೊಂಡವರಿಗೆ ಪ್ರತಿ ಪ್ರಶ್ನೆಯೂ ಎರಡೂ ಭಾಷೆಯಲ್ಲಿ ಇರುತ್ತದೆ, ಅನುಕೂಲವೇ ಆಯಿತು ಎಂದುಕೊಂಡೆ.

ಪರೀಕ್ಷೆಯಲ್ಲಿ ಅದೇ ತೊಡಕಾಯಿತು. ಮೊದಲು ಕನ್ನಡದಲ್ಲಿ ಓದುತ್ತಿದ್ದೆ. ‘ಅಭಿಸರಣೆ’ ಎಂದಿದ್ದರೆ ಅದು ಆಸ್ಮಾಸಿಸ್ಸೋ ಡಿಫ್ಯೂಷನ್ನೋ ಎಂದು ಅನುಮಾನ ಬಂದು ಇಂಗ್ಲಿಷಿಗೆ ಹೋಗುತ್ತಿದ್ದೆ. ಇಂಗ್ಲಿಷ್ ವಾಕ್ಯ ಉದ್ದವಿದ್ದರೆ ತಿರುಗಿ ಕನ್ನಡಕ್ಕೆ. ಸಮಯ ಮುಗಿದಾಗ ಭೌತಶಾಸ್ತ್ರದ ಅರ್ಧ ಪ್ರಶ್ನೆಗಳನ್ನು ನಾನು ನೋಡಿಯೇ ಇರಲಿಲ್ಲ.

ಮರುವರ್ಷ ಬರೀ ಇಂಗ್ಲಿಷ್ ಪತ್ರಿಕೆ ತೆಗೆದುಕೊಂಡೆ. ಸಮಯ ಉಳಿಯಿತು, ಖುಷಿಯಿಂದಲೇ ಮನೆಗೆ ಬಂದೆ. ಉತ್ತರಗಳನ್ನು ತಾಳೆ ನೋಡಿದಾಗ ಗೊತ್ತಾಯಿತು: ‘ಸರಿಯಲ್ಲದ ಹೇಳಿಕೆ ಯಾವುದು’ ಎಂದು ಕೇಳಿದ ಎಷ್ಟೋ ಕಡೆ ಸರಿಯಾದ ಹೇಳಿಕೆಗೆ ಗುರುತು ಹಾಕಿದ್ದೆ. ಪದಗಳೆಲ್ಲ ಪರಿಚಯದವೇ. ವಾಕ್ಯವನ್ನು ಪೂರ್ತಿ ಓದಿರಲಿಲ್ಲ. ಆ ಸಲವೂ ಸೀಟು ಸಿಗಲಿಲ್ಲ.

ಅಪ್ಪನ ತಂಗಿ ಜೇವರ್ಗಿಯ ಒಂದು ದವಾಖಾನೆಯಲ್ಲಿ ನರ್ಸ್. ಆಕೆ ಬಂದು, “ಈ ವರ್ಷ ನನ್ನ ಕಡೆ ಇರ್ಲಿ” ಎಂದು ನನ್ನನ್ನು ಕರೆದುಕೊಂಡು ಹೋದಳು. ಡ್ಯೂಟಿ ಮುಗಿಸಿ ಬಂದು ಅಡುಗೆಗೆ ಕೂತಾಗ ನಾನು ಎದುರಿಗೆ ಪುಸ್ತಕ ಹಿಡಿದಿರಬೇಕು.

“ಏನ್ ಓದಾಕತ್ತಿಬೇ?”

“ಆಸ್ಮಾಸಿಸ್ ರಿ ಅತ್ತಿ.”

“ಹಂಗಂದ್ರ?”

ಇಂಗ್ಲಿಷ್ ವ್ಯಾಖ್ಯಾನವನ್ನು ಒಂದೇ ಉಸಿರಿಗೆ ಹೇಳಿದೆ.

“ಅದು ಪುಸ್ತಕದಾಗ ಅದ. ನಮ್ಮ ಮಾತಿನಾಗ ಹೇಳು.”

ಮತ್ತೆ ಅದೇ ಇಂಗ್ಲಿಷ್ ವಾಕ್ಯ ಶುರು ಮಾಡಿದೆ. ಅತ್ತಿ ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಚ್ಚಿ ನನ್ನ ಮುಂದೆ ಸರಿಸಿದಳು. ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ನೀರು ನಿಂತಿತು.

“ಈ ನೀರು ಎಲ್ಲಿಂದ ಬಂತು? ಯಾಕ ಬಂತು?”

ತಡವರಿಸುತ್ತ ಹೇಳಿದೆ. ಎರಡನೇ ಸಲ ಸರಿಯಾಗಿ ಹೇಳಿದೆ. ಆಕೆಗೆ ಉತ್ತರ ಮೊದಲೇ ಗೊತ್ತಿತ್ತು. ನನಗೆ ಗೊತ್ತಿದೆಯೇ ಎಂದು ನೋಡುತ್ತಿದ್ದಳು. ಇಷ್ಟು ವರ್ಷ ನಾನು ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದೆನೇ ಹೊರತು ಪಾಠ ತಿಳಿದುಕೊಂಡಿರಲಿಲ್ಲ ಎಂದು ಆ ದಿನ ನಾಚಿಕೆಯಾಯಿತು. ಆಮೇಲೆ ದಿನಾ ಸಂಜೆ ಒಂದೊಂದು ಪಾಠವನ್ನು ಆಕೆಗೆ ಹೇಳಿ ಮುಗಿಸಿಯೇ ಊಟ.

ಮೂರನೇ ಸಲ ಮತ್ತೆ ಕನ್ನಡ ಎಂದೇ ಕೊಟ್ಟೆ. ಆದರೆ ಮೊದಲು ಇಂಗ್ಲಿಷ್ ಓದುವುದು, ವಾಕ್ಯ ಸಿಕ್ಕಾದರೆ ಮಾತ್ರ ಕನ್ನಡ ನೋಡುವುದು ಎಂದು ರೂಢಿ ಮಾಡಿಕೊಂಡಿದ್ದೆ. ಪತ್ರಿಕೆ ಪೂರ್ತಿ ಮುಗಿಸಿದೆ. ಅಂಕ ಬಹಳ ಏರಿತು, ಆದರೂ ಎಂಬಿಬಿಎಸ್ಸಿಗೆ ಸಾಲಲಿಲ್ಲ. ಕೊನೆಯ ಸುತ್ತಿನಲ್ಲಿ ಆಯುರ್ವೇದ ಸೀಟು ಸಿಕ್ಕಿತು.

“ಇನ್ನೊಂದ್ ಸಲ ಬರೀತಿಯೇನವ್ವಾ? ಇಷ್ಟು ಹತ್ತಿರ ಬಂದೀದಿ” ಎಂದ ಅಪ್ಪ.

“ಬ್ಯಾಡ್ರಿ ಅಪ್ಪಾ. ಸಾಕಾಗೇದ ನನಗ. ಇದನ್ನ ಓದ್ತೇನಿ.”

ಅಪ್ಪ ಅತ್ತಿಯ ಮುಖ ನೋಡಿದ. “ಆಕೀನ ಹೇಳ್ಯಾಳಲ್ಲ ಅಣ್ಣಾ” ಎಂದಳು ಆಕೆ. ಮಾತು ಅಲ್ಲಿಗೆ ನಿಂತಿತು.

ಕಾಲೇಜು ಸೇರಿದ ಮೊದಲ ವಾರವೇ ಸಂಸ್ಕೃತ ತರಗತಿ ಶುರುವಾಯಿತು. ವಿಭಕ್ತಿಗಳನ್ನು ನೋಡಿ ಪಕ್ಕದ ಹುಡುಗಿ ತಲೆ ಮೇಲೆ ಕೈ ಹೊತ್ತಳು. ನನಗೆ ಅಷ್ಟು ಭಯವಾಗಲಿಲ್ಲ. ಪ್ರತಿ ಶ್ಲೋಕದ ಕೆಳಗೆ ಒಂದು ಗೆರೆ ಖಾಲಿ ಬಿಟ್ಟು, ನಮ್ಮ ಕಡೆಯ ಮಾತಿನಲ್ಲಿ ಅರ್ಥ ಬರೆದುಕೊಳ್ಳುತ್ತ ಹೋದೆ. ಪರೀಕ್ಷೆ ಹತ್ತಿರ ಬಂದಾಗ ಆ ನೋಟ್‌ಬುಕ್ ಅರ್ಧ ಹಾಸ್ಟೆಲ್ ಸುತ್ತಿ ಬಂತು.