ಹಂಪಣ್ಣನ ಪಕ್ಕದ ಜಾಗ

ಯಾರಾದರೂ ದೆವ್ವ, ಶಕುನ ಎಂದು ಮಾತು ತೆಗೆದರೆ ಮೊದಲು ಅವರಿಗೆ ಜ್ವರ ಇದೆಯಾ ಎಂದು ನೋಡುವವಳು ನಾನು. ನರ್ಸ್ ಕೆಲಸದಲ್ಲೇ ತಲೆಗೂದಲು ಬೆಳ್ಳಗಾಗಿದೆ. ಕಂಡದ್ದನ್ನು ಬರೆದುಕೊಳ್ಳುವುದು, ಕಾಣದ್ದನ್ನು ಬಿಡುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದೇನೂ ಇಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರತಿ ಬುಧವಾರ ಹೊಸಪೇಟೆಯ ನಮ್ಮ ಆಸ್ಪತ್ರೆಯಿಂದ ಆ ಭಾಗದ ಒಂದು ಜೈಲಿಗೆ ಕೈದಿಗಳ ಆರೋಗ್ಯ ತಪಾಸಣೆಗೆ ಹೋಗುತ್ತಿದ್ದೆ. ಅಲ್ಲಿ ಎಣಿಕೆಗೆಂದು ಎಲ್ಲರನ್ನೂ ಜೋಡಿ ಜೋಡಿಯಾಗಿ ಕುಕ್ಕರಗಾಲಲ್ಲಿ ಕೂರಿಸುತ್ತಾರೆ. ಆ ಸಾಲಿನಲ್ಲೇ ಬಿ.ಪಿ. ನೋಡುತ್ತಾ, ಕೆಮ್ಮು ಇದ್ದವರಿಗೆ ಕಫ ಪರೀಕ್ಷೆಯ ಡಬ್ಬಿ ಕೊಡುತ್ತಾ ಹೋಗುತ್ತಿದ್ದೆ. ಸಾಲಿನ ಕೊನೆಗೆ ಹಂಪಣ್ಣ ಎಂಬ ಮುದುಕ ಜೋಡಿಯಿಲ್ಲದೆ ಕೂರುತ್ತಿದ್ದ. ಸಂಡೂರಿನ ಗಣಿಯಲ್ಲಿ ದುಡಿದವನು, ಒಳಗೆ ಬಂದು ಎರಡು ವರ್ಷವಾಗಿತ್ತು.

ಒಂದು ಬುಧವಾರ ಅವನ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಲು ಹೋದರೆ ಕೈ ಹಿಂದಕ್ಕೆಳೆದುಕೊಂಡ. "ನನ್ನ ಆಮ್ಯಾಗ ನೋಡ್ರಿ ಸಿಸ್ಟರ್. ಮೊದ್ಲು ಈತನ್ನ ನೋಡ್ರಿ, ಭಾಳ ಕೆಮ್ಮತಾನ" ಎಂದು ಪಕ್ಕಕ್ಕೆ ತೋರಿಸಿದ. ಅಲ್ಲಿದ್ದದ್ದು ಬರೀ ಸಿಮೆಂಟು ನೆಲ.

"ಯಾರಪ್ಪಾ ಅದು?" ಎಂದೆ, ನಗು ತಡೆದುಕೊಂಡು.

"ಕಂಪ್ಲಿ ಕಡ್ಯಾತ. ಎಡಗೈಯಾಗ ಎರಡು ಬೆರಳಿಲ್ಲ ನೋಡ್ರಿ."

ಮೂರು ಬುಧವಾರ ಇದೇ ಮಾತು. 'ಮನೋವೈದ್ಯರಿಗೆ ತೋರಿಸುವುದು' ಎಂದು ಬರೆದು ಕೈತೊಳೆದುಕೊಂಡೆ.

ನಾಲ್ಕನೇ ಬುಧವಾರ ಆ ಜಾಗದಲ್ಲಿ ಒಬ್ಬ ಕೂತಿದ್ದ. ಹಿಂದಿನ ದಿನವಷ್ಟೇ ಬಂದ ವಿಚಾರಣಾ ಕೈದಿ, ಗಾದಿಲಿಂಗ, ಕಂಪ್ಲಿಯವನು. ನಾಡಿ ನೋಡಲು ಎಡಗೈ ಹಿಡಿದೆ. ಎರಡು ಬೆರಳಿರಲಿಲ್ಲ. ಅಕ್ಕಿ ಗಿರಣಿಯ ಬೆಲ್ಟಿಗೆ ಸಿಕ್ಕಿ ಹೋದವಂತೆ. ಹಂಪಣ್ಣ ಆ ದಿನ ಪಕ್ಕಕ್ಕೆ ತೋರಿಸದೆ ತಾನೇ ತೋಳು ಚಾಚಿದ.

"ಕೆಮ್ಮು ಐತೇನಪ್ಪಾ?" ಎಂದು ಗಾದಿಲಿಂಗನನ್ನು ಕೇಳಿದೆ.

"ಏನಿಲ್ರಿ ಸಿಸ್ಟರ್, ಆರಾಮದೀನಿ."

ಕೆಮ್ಮು ಇದೆ ಎಂದರೆ ಸೋಂಕಿನವನೆಂದು ದೂರದ ಜೈಲಿಗೆ ಕಳಿಸುತ್ತಾರೆ, ಮನೆಯವರಿಗೆ ನೋಡಲು ಬರಲಾಗುವುದಿಲ್ಲ ಎಂಬ ಭಯ ಅಲ್ಲಿ ಎಲ್ಲರಿಗೂ ಇತ್ತು. ಅದಕ್ಕೇ ಕೆಮ್ಮು ನುಂಗುತ್ತಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಡಬ್ಬಿ ಕೊಡಲಿಲ್ಲ. ತಲೆ ಕೆಟ್ಟ ಮುದುಕನ ಮಾತು ಕೇಳಿ ಪರೀಕ್ಷೆ ಮಾಡಿಸಿದಳು ಎಂದು ಜೊತೆಯವರು ಆಡಿಕೊಂಡಾರು ಎಂಬ ನಾಚಿಕೆ. ಬೇರೆ ಕಾರಣ ಇಲ್ಲ. ಮುಂದಿನ ವಾರಗಳಲ್ಲೂ ಕೇಳಿದೆ, ಅವನದು ಅದೇ ಉತ್ತರ. ಮೈ ಇಳಿಯುತ್ತಿತ್ತು. ಜೈಲಿನ ಚಿಂತೆ ಎಂದುಕೊಂಡೆ.

ಎರಡು ತಿಂಗಳಿಗೆ ಅವನು ರಕ್ತ ಕಾರಿದ. ಕ್ಷಯ ಎಂದು ಗೊತ್ತಾಗಿ ನಮ್ಮ ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ತೀರಿಕೊಂಡ.

ಮುಂದಿನ ಬುಧವಾರ ಹಂಪಣ್ಣನ ಮುಂದೆ ಕುಕ್ಕರಿಸಿ, "ನಿನಗ ಹೆಂಗ ಗೊತ್ತಾತು?" ಎಂದು ಕೇಳಿದೆ.

"ಕಂಡದ್ದು ಹೇಳಿದ್ನಿ. ನೋಡೋ ಕೆಲಸ ನಿಮ್ದಿತ್ತಲ್ರೀ" ಎಂದ.

ಅವರಿಬ್ಬರಿಗೂ ಹೊರಗೆ ಪರಿಚಯವಿತ್ತೇ ಎಂದು ವಿಚಾರಿಸಿದೆ. ಇರಲಿಲ್ಲ. ಮುದುಕ ಏನು ಕಂಡ, ಹೇಗೆ ಕಂಡ, ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಹುಡುಕುವುದನ್ನೂ ಬಿಟ್ಟಿದ್ದೇನೆ. ಏಕೆಂದರೆ ಉತ್ತರ ಗೊತ್ತಿದ್ದೂ ಕೊಡಲಾಗದ ಇನ್ನೊಂದು ಪ್ರಶ್ನೆ ಇದೆ.

ಗಾದಿಲಿಂಗ ತೀರಿಕೊಂಡ ದಿನ ಅವನ ಹೆಂಡತಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದಳು. ನೀರು ಕೊಟ್ಟೆ. ಕುಡಿಯದೆ ನನ್ನ ಮುಖ ನೋಡಿದಳು.

"ವಾರಾ ವಾರಾ ಒಬ್ರು ಸಿಸ್ಟರ್ ಬಂದು ಚೊಲೋ ನೋಡ್ತಾರ, ನೀ ಅಂಜಬ್ಯಾಡ ಅಂತಿದ್ರು ನಮ್ಮನಿಯವ್ರು. ಅವ್ರು ನೋಡ್ಲಿಲ್ಲೇನ್ರಿ ಅಕ್ಕಾರ?"

ಆ ಸಿಸ್ಟರ್ ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.